ಅಕ್ಕ ಪಾಲು ಮಾಡಿಕೊಟ್ಟ ಪಾಸ್‌ವರ್ಡ್

ನಮ್ಮಕ್ಕನ ಮನೆಯನ್ನು ಯಾರು ಬೇಕಾದರೂ ಹಾಡಹಗಲೇ ದೋಚಿಕೊಂಡು ಹೋಗಬಹುದು. ಮುಂಬಾಗಿಲಿಗೆ ಬೀಗವಿಲ್ಲ, ಹಿತ್ತಿಲ ಬಾಗಿಲಿಗೆ ಚಿಲಕವಿಲ್ಲ, ಕೊಟ್ಟಿಗೆಗೆ ಬಾಗಿಲೇ ಇಲ್ಲ. ಆದರೆ ಅವಳ ಮೊಬೈಲಿನೊಳಗಿನ ಒಂದೇ ಒಂದು ಹಾಡನ್ನು ಹೊರಗೆ ತೆಗೆಯಿರಿ ನೋಡೋಣ! ಮನೆದೇವರು ಖುದ್ದಾಗಿ ಬಂದು ಕೇಳಿದರೂ, "ಆ ಕಡೀಕೆ ತಿರುಗಿ ನಿಂತ್ಕೊ ನಮ್ಮಪ್ಪ" ಎಂದು ಗೋಡೆಗೆ ಮುಖ ಮಾಡಿಸಿಯೇ ಪಾಸ್‌ವರ್ಡ್ ಒತ್ತುವ ಹೆಂಗಸು ಅವಳು.

ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿದ್ದೇನೆ ಎಂದುಕೊಂಡಿರಾ? ಮೂರು ವರ್ಷ ಇದನ್ನೇ ಊರೆಲ್ಲ ಹೇಳಿಕೊಂಡು ನಕ್ಕವನು ನಾನು. ಬಿಳಿಕೆರೆಯ ಹೋಟೆಲಿನಲ್ಲಿ ಎದುರಿಗಿದ್ದವರ ಟೀ ಆರಿಹೋಗುವವರೆಗೂ ಅಕ್ಕನ ಕತೆ ಹೇಳುತ್ತಿದ್ದೆ. ಈಗ ಅದೇ ಬಾಯಿಂದ ತಪ್ಪೊಪ್ಪಿಕೊಳ್ಳಲು ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಸುಳ್ಳೇ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಜಗಲಿಗೆ ಹೋಗಿ ಬಂದೆ. ಒಂದು ಸಲ ನೀರು ಕುಡಿದೆ. ಇನ್ನೊಂದು ಸಲ ಯಾಕೆ ಎದ್ದೆನೋ ಗೊತ್ತಿಲ್ಲ.

ಮೊದಲು ಅಕ್ಕನನ್ನು ಪರಿಚಯಿಸಬೇಕು. ಅವಳಿಗೆ ಎಪ್ಪತ್ತೆರಡು ವರ್ಷ. ಕೊಟ್ಟ ಊರು ಕಟ್ಟೆಮಳಲವಾಡಿ. ಭಾವ ತೀರಿಕೊಂಡ ಮೇಲೆ ಮಗಳು, ಅಳಿಯ ಅವಳ ಜೊತೆಗೇ ಇದ್ದಾರೆ. ಸುತ್ತಿನ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಬಾನೆ ಪದ ಹೇಳಲು ನಮ್ಮಕ್ಕನೇ ಬರಬೇಕು. ಹಸೆಗೆ ಕರೆಯಲು ಒಂದು ಪದ, ಅರಿಶಿನ ಹಚ್ಚಲು ಒಂದು ಪದ, ಬೀಗರನ್ನು ಆಡಿಕೊಳ್ಳಲು ಹದಿನೈದು ಪದ! ಇಷ್ಟೂ ನಮ್ಮವ್ವನಿಂದ ಕಲಿತದ್ದು. ಮದುವೆಗಳು ಛತ್ರಕ್ಕೆ ಹೋಗಿ, ಛತ್ರಕ್ಕೆ ದೊಡ್ಡ ಸ್ಪೀಕರು ಬಂದ ಮೇಲೆ ಅಕ್ಕನನ್ನು ಕರೆಯುವವರು ಕಡಿಮೆಯಾದರು. ಆಗ ಅವಳ ಮಗಳು ಒಂದು ಮೊಬೈಲ್ ಕೊಡಿಸಿ ಧ್ವನಿ ತುಂಬುವುದನ್ನು ಕಲಿಸಿದಳು. ಅಕ್ಕ ದಿನಕ್ಕೊಂದರಂತೆ ಕೊಟ್ಟಿಗೆಯಲ್ಲಿ ಕೂತು ಪದ ಹೇಳಿ ಹೇಳಿ ತುಂಬಿಸಿದಳು. ಅವೆಲ್ಲ ಇಂಟರ್‌ನೆಟ್ಟಿನ ಯಾವುದೋ ಖಾತೆಯಲ್ಲಿ ಹೋಗಿ ಕೂರುತ್ತವಂತೆ. ಅವು ಎಲ್ಲಿ ಕೂರುತ್ತವೆಂದು ನನಗೆ ಇಂದಿಗೂ ತಿಳಿಯದು. ಎಸ್ಸೆಸ್ಸೆಲ್ಸಿಯಲ್ಲಿ ಅದು ಪಾಠವಾಗಿರಲಿಲ್ಲ.

ಅಷ್ಟರಲ್ಲಿ ಹುಣಸೂರಿನಲ್ಲಿ ಮಹಿಳಾ ಸಂಘದವರಿಗೆ ಒಂದು ದಿನದ ತರಬೇತಿ ನಡೆಯಿತು. ಒಬ್ಬಳು ಹುಡುಗಿ ಬಂದು, ಪಾಸ್‌ವರ್ಡ್ ಎಂದರೆ ಏನು, ಅದು ಗಟ್ಟಿಯಾಗಿರಬೇಕಾದರೆ ಏನೇನು ಇರಬೇಕು, ಅದನ್ನು ಹೇಗೆ ಕಾಪಾಡಬೇಕು ಎಂದು ಹೇಳಿಕೊಟ್ಟಳಂತೆ. ನಲವತ್ತು ಜನ ಹೆಂಗಸರು ಕೇಳಿದರು, ಊಟ ಮಾಡಿದರು, ಬಸ್ಸು ಹತ್ತಿದರು, ಮರೆತರು. ನಮ್ಮಕ್ಕ ಮಾತ್ರ ದೀಕ್ಷೆ ತೆಗೆದುಕೊಂಡವಳಂತೆ ಹಿಂತಿರುಗಿದಳು!

ಅಂದಿನಿಂದ ಅವಳು ಪಾಸ್‌ವರ್ಡ್ ಒತ್ತುವ ಕ್ರಮವೇ ಬೇರೆಯಾಯಿತು. ಮೊದಲು ಮನೆಯಲ್ಲಿದ್ದವರೆಲ್ಲ ಗೋಡೆಗೆ ತಿರುಗಬೇಕು. ಆಮೇಲೆ ಸೆರಗನ್ನು ತಲೆಯ ಮೇಲಿಂದ ಮೊಬೈಲಿನ ಮೇಲಕ್ಕೆ ಇಳಿಬಿಟ್ಟುಕೊಂಡು, ಹಳೇಕಾಲದ ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದನಲ್ಲ, ಹಾಗೆ ಒಳಗೇ ಒತ್ತುವುದು. ಒಂದು ದಿನ ಕರೆಂಟ್ ಮೀಟರು ನೋಡುವವನು ಬಂದಾಗ ಅವನನ್ನೂ ಗೋಡೆಗೆ ತಿರುಗಿಸಿದಳು. ಪಾಪ, ಅವನು ಮೀಟರಿನ ಕಡೆಗೇ ತಿರುಗಿ ನಿಂತ. ಬಂದ ಕೆಲಸವೂ ಆಯಿತು! ಕರು ಮಾತ್ರ ತಿರುಗಲಿಲ್ಲ. ಅದಕ್ಕೆ ಒಂದು ಹಿಡಿ ಹುಲ್ಲು ತೋರಿಸಿ ಆ ಕಡೆಗೆ ತಿರುಗಿಸಿದ ಮೇಲೆಯೇ ಅಕ್ಕನ ಕೈ ಆಡಿದ್ದು.

ಮೊದಮೊದಲು ಅವಳ ಪಾಸ್‌ವರ್ಡಿನಲ್ಲಿ ಕೋಳಿಗಳ ಲೆಕ್ಕ ಇತ್ತು. ಎಷ್ಟು ಕೋಳಿಯೋ ಅಷ್ಟು ಅಂಕಿ. ನಾನೂ ನನ್ನ ಹೆಂಡತಿಯೂ ಅವಳ ಮನೆಗೆ ಹೋದ ದಿನ ಎರಡು ಕೋಳಿ ಸಾರಾದವು. ಉಂಡೆದ್ದು ಕೈ ತೊಳೆಯುವಷ್ಟರಲ್ಲಿ ಅಕ್ಕ ಸೆರಗಿನೊಳಗೆ ಸೇರಿಕೊಂಡಳು. ಏನಕ್ಕಾ ಎಂದರೆ, "ನೀವ್ ತಿಂದಿದ್ದು ಪಾಸ್‌ವರ್ಡ್ ಕಣ್ಲಾ. ಬದಲಾಯಿಸ್ಬೇಡ್ವಾ?" ಎಂದಳು.

ನನ್ನ ಪಾಸ್‌ವರ್ಡ್ ಏನಾಗಿತ್ತು ಅಂತೀರಾ? ನನ್ನ ಹೆಸರು, ಮುಂದಕ್ಕೆ ಒಂದು ಎರಡು ಮೂರು. ಮದುವೆಮನೆಯೊಂದರಲ್ಲಿ ಎಲ್ಲರ ಎದುರಿಗೆ ಅಕ್ಕ ನನ್ನ ಮೊಬೈಲು ಇಸಿದುಕೊಂಡು, ಮಗಳ ಕೈಯಲ್ಲಿ ಮೊದಲನೇ ಪ್ರಯತ್ನಕ್ಕೇ ನನ್ನ ಖಾತೆ ತೆಗೆಸಿ, ನನ್ನ ಫೋಟೋ ಇದ್ದ ಜಾಗಕ್ಕೆ ಅವರ ಮನೆ ಎಮ್ಮೆಯ ಫೋಟೋ ಹಾಕಿಸಿದಳು. ಅದನ್ನು ತೆಗೆಯುವುದು ನನಗೆ ಗೊತ್ತಾಗದೆ ಒಂದು ತಿಂಗಳು ಹಾಗೇ ಇತ್ತು. ಹೆಚ್ಚಿನವರಿಗೆ ವ್ಯತ್ಯಾಸ ಕಾಣಲಿಲ್ಲವೆಂದು ನನ್ನ ಹೆಂಡತಿಯ ಹೇಳಿಕೆ.

ಇನ್ನೊಮ್ಮೆ ಯಾರೋ ಮೋಸಗಾರ ಫೋನು ಮಾಡಿದ. ನಾವು ಬ್ಯಾಂಕಿನವರು, ನಿಮ್ಮ ಕಾರ್ಡು ನಿಂತುಹೋಗಿದೆ, ಮೊಬೈಲಿಗೆ ಬಂದಿರುವ ನಂಬರು ಹೇಳಿ ಎಂದ. ಅಕ್ಕ ಬೈಯಲಿಲ್ಲ. ಯಾವೂರಪ್ಪ ನಿಂದು, ಅವ್ವ ಇದ್ದಾರಾ, ಎಷ್ಟು ಜನ ಅಕ್ಕತಂಗಿಯರು, ಮದುವೆ ಯಾಕೆ ಆಗಿಲ್ಲ ಎಂದು ಅರ್ಧ ಗಂಟೆ ವಿಚಾರಿಸಿದಳು. ಕೊನೆಗೆ, "ಉಣ್ಣು, ತಿನ್ನು, ಮದ್ವೆ ಆಗು. ಸೋಬಾನೆ ಏಳೋಕೆ ನಾನೇ ಬತ್ತೀನಿ. ನಂಬರ್ ಮಾತ್ರ ಕೇಳ್ಬ್ಯಾಡ ಮಗ" ಎಂದಳು. ಆ ಕಡೆಯವನು ಫೋನಿಟ್ಟ. ಅವನು ಅಂದೇ ಆ ಕಸುಬು ಬಿಟ್ಟನೆಂದು ಅಕ್ಕ ಬಲವಾಗಿ ನಂಬಿದ್ದಳು.

ಖಾತೆಗೆ ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆಂದು ಮಗಳು ತನ್ನ ಫೋನ್ ನಂಬರನ್ನು ಸೇರಿಸಿಟ್ಟಿದ್ದಳು. ಅದನ್ನೂ ಅಕ್ಕ ತೆಗೆಸಿದಳು. ಮುಂದೆ ಬೀಗ ಹಾಕಿ ಹಿಂದೆ ಬಾಗಿಲು ತೆಗೆದಿಡುವವರುಂಟೇ ಎಂಬುದು ಅವಳ ವಾದ. ಹಿತ್ತಿಲಿಗೆ ಚಿಲಕವಿಲ್ಲದ ಹೆಂಗಸು ಈ ಮಾತು ಹೇಳಿದ್ದು!

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ಕೈ ಓಡುವುದಿಲ್ಲ. ಇರಿ, ಇನ್ನೊಂದು ಸಲ ಜಗಲಿಗೆ ಹೋಗಿ ಬರುತ್ತೇನೆ.

ಬಂದೆ. ನನಗೊಬ್ಬ ತಮ್ಮನಿದ್ದಾನೆ. ಬಿಳಿಕೆರೆಯಿಂದ ಎರಡು ಮೈಲಿ ಒಳಗೆ ನಮ್ಮ ಊರು. ಅವನ ಹೊಲ, ನನ್ನ ಹೊಲ ಅಕ್ಕಪಕ್ಕ. ನಡುವೆ ಒಂದು ಬದು, ಬದುವಿನ ತುದಿಯಲ್ಲಿ ಅಪ್ಪ ನಿಲ್ಲಿಸಿದ ಗಡಿಕಲ್ಲು. ನಾವಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಆ ಕಲ್ಲು. ಅದು ಜಾಗ ಬಿಟ್ಟು ಅವನ ಹೊಲದ ಕಡೆಗೆ ಸರಿದಿದೆ ಎಂದು ಅವನು ಊರಿನ ಹಿರಿಯರ ಮುಂದೆ ಹೇಳಿದ. ನಾನು ಸರಿಸಿಲ್ಲ ಎಂದು ದೇವಸ್ಥಾನದ ಜಗಲಿಯ ಮೇಲೆ ನಿಂತು ಆಣೆ ಮಾಡಿದೆ. ನಾನು ದೊಡ್ಡವನು, ಪೇಪರು ಓದುವವನು, ನನ್ನ ಮಾತು ನಡೆಯಿತು. ಸರ್ವೆ ಮಾಡಿಸು ಎಂದು ಯಾರೋ ತಮ್ಮನಿಗೆ ಹೇಳಿದರು. ಒಡಹುಟ್ಟಿದವನ ಮೇಲೆ ಸರ್ವೆಯವನನ್ನು ಕರೆತರಲಾರೆ ಎಂದು ಅವನು ಟವೆಲು ಕೊಡವಿ ಎದ್ದುಹೋದ. ಅವನು ನನ್ನೊಡನೆ ಮಾತಾಡಿದ್ದು ಅಂದೇ ಕೊನೆ.

ಕಲ್ಲು ಸರಿಸಿದವನು ನಾನೇ.

ಒಂದು ಸಾಲು ಹೊಗೆಸೊಪ್ಪಿನ ಸಸಿಗೆ ಜಾಗ ಬೇಕಿತ್ತು. ಒಂದು ಸಾಲು! ಬೆಳ್ಳಂಬೆಳಿಗ್ಗೆ ಹಾರೆ ಹಿಡಿದು ಹೋಗಿ ಕಲ್ಲೆಬ್ಬಿಸಿ ನೆಟ್ಟು, ಬುಡಕ್ಕೆ ಹಳೇ ಹುಲ್ಲು ತುಂಬಿಸಿ ತಿರುಗಿದರೆ, ಹಬ್ಬಕ್ಕೆಂದು ಬಂದಿದ್ದ ಅಕ್ಕ ಸೊಪ್ಪು ಕುಯ್ದುಕೊಂಡು ಮಡಿಲು ತುಂಬಿಸಿಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು, ಕಲ್ಲನ್ನು ನೋಡಿದಳು, ಮನೆಗೆ ಹೋದಳು. ಆ ಮಾತನ್ನು ಅವಳು ಮತ್ತೆ ಎತ್ತಿದ್ದು ಎಂಟು ವರ್ಷದ ಮೇಲೆ, ತರಬೇತಿಯಿಂದ ಬಂದ ಕೆಲವು ತಿಂಗಳಿಗೆ.

ಅಂದು ನನ್ನನ್ನು ತನ್ನೂರಿಗೆ ಕರೆಸಿಕೊಂಡು ಕೊಟ್ಟಿಗೆಯಲ್ಲಿ ಕೂರಿಸಿಕೊಂಡಳು. ತನಗೆ ಏನಾದರೂ ಆದರೆ ಅವ್ವನ ಪದಗಳು ಅಲ್ಲೇ ಮುಚ್ಚಿಹೋಗಬಾರದು. ಮಗಳಿಗೆ ಪಾಸ್‌ವರ್ಡ್ ಕೊಟ್ಟರೆ ಮೊಮ್ಮಕ್ಕಳು ಆಟವಾಡುತ್ತಾ ಎಲ್ಲ ಅಳಿಸಿಬಿಡುತ್ತವೆ. ಒಬ್ಬ ತಮ್ಮನಿಗೆ ಕೊಟ್ಟರೆ ಇನ್ನೊಬ್ಬನಿಗೆ ಅನ್ಯಾಯ. ಅದಕ್ಕೇ ಮನೆ ಹೊಲ ಭಾಗವಾಗುವ ಹಾಗೆ ಪಾಸ್‌ವರ್ಡನ್ನೂ ಇಬ್ಬರಿಗೂ ಸಮಪಾಲು ಮಾಡಿದ್ದೇನೆ ಎಂದಳು. ಮೊದಲರ್ಧ ನನ್ನದು, ಉಳಿದರ್ಧ ತಮ್ಮನದು. ಒಬ್ಬರ ಪಾಲು ಒಬ್ಬರಿಗೆ ಗೊತ್ತಾಗುವ ಹಾಗಿಲ್ಲ.

ನಾನು ನಗುತ್ತಲೇ, ಸರಿ, ನನ್ನ ಪಾಲು ಏನು ಎಂದೆ. ಸಣ್ಣದೊಂದು ಗೋಜಲಿಗಿಂತ ಉದ್ದನೆಯ ಮಾತು ಗಟ್ಟಿ, ಅಂಕಿಯೂ ಇರಬೇಕು, ಚಿಹ್ನೆಯೂ ಇರಬೇಕು, ಅದು ಹೊರಗೆ ಬಾರದಂಥದ್ದಾಗಿರಬೇಕು ಎಂದು ತರಬೇತಿಯ ಹುಡುಗಿ ಹೇಳಿದ್ದನ್ನೆಲ್ಲ ಅಕ್ಕ ಒಪ್ಪಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು.

"ಕಲ್ಲು ಸರಿಸಿದ್ದು ನಾನೇ, ಒಂದೂವರೆ ಮೊಳ."

ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ. ಒಂದು, ಚುಕ್ಕೆ, ಐದು. ಅಂಕಿಯೂ ಆಯಿತು, ಚಿಹ್ನೆಯೂ ಆಯಿತು. (ಈ ಪಾಸ್‌ವರ್ಡ್ ಈಗ ಬದಲಾಗಿದೆ. ಪ್ರಯತ್ನಪಟ್ಟು ಬೆರಳು ನೋಯಿಸಿಕೊಳ್ಳಬೇಡಿ.)

ನನಗೆ ಆ ಕ್ಷಣದಲ್ಲಿ ಹೊಳೆದ ಮಾತು ಒಂದೇ. "ಒಂದೇ ಮೊಳ ಅಕ್ಕ" ಎಂದೆ.

"ಒಂದೂವರೆ ಕಣ್ಲಾ. ಅರ್ಧ ಮುಚ್ಚಿಟ್ರೆ ಮಿಷನ್ನು ಬಾಗ್ಲು ತೆಗ್ಯಲ್ಲ" ಎಂದಳು ಅಕ್ಕ.

ಬೇರೆ ಏನಾದರೂ ಇಡು ಎಂದು ಗೋಗರೆದೆ. ಹೆಂಡತಿಗೂ ಹೇಳದ ಮಾತು ಇದು, ಇದನ್ನು ಎಲ್ಲಿ ಅಂತ ಇಟ್ಟುಕೊಳ್ಳಲಿ ಎಂದೆ. ಅದಕ್ಕೇ ಇಟ್ಟಿದ್ದು ಎಂದಳು. ನನ್ನ ಬಾಯಿಯ ಸುದ್ದಿ ಅವಳಿಗೆ ಗೊತ್ತು. ನನ್ನಿಂದ ಹೊರಗೆ ಬಾರದ ಮಾತು ಲೋಕದಲ್ಲಿ ಇದೊಂದೇ ಎಂದು ಅವಳು ಲೆಕ್ಕ ಹಾಕಿದ್ದಳು. ಕಳ್ಳನ ಕೈಗೇ ಕೀಲಿಕೈ ಕೊಟ್ಟು ನೆಮ್ಮದಿಯಾಗಿದ್ದವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಆಮೇಲಿನ ಮೂರು ವರ್ಷ ನಾನು ನಾನಾಗಿರಲಿಲ್ಲ. ಸುಮ್ಮನೆ ಕೂತರೆ ಆ ವಾಕ್ಯ ತಾನಾಗಿಯೇ ಬಾಯಿಗೆ ಬಂದು ತುಟಿ ಆಡಿಸುತ್ತಿತ್ತು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೊಪ್ಪು ಏರಿಸುವಾಗ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಎಣಿಸುತ್ತಾ, ಹದಿನೆಂಟು, ಹತ್ತೊಂಬತ್ತು, ಒಂದೂವರೆ ಎಂದುಬಿಟ್ಟೆ! ಕೂಲಿಯವರು ಮುಖ ಮುಖ ನೋಡಿಕೊಂಡರು. ಬಸ್ಸಿನಲ್ಲಿ ಯಾರಾದರೂ ಮೊಬೈಲ್ ತೆಗೆದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಬದುವಿನ ಆಚೆ ತಮ್ಮ ಬಗ್ಗಿ ಕಳೆ ಕೀಳುತ್ತಿದ್ದರೆ, ಪಾಸ್‌ವರ್ಡ್ ಗಂಟಲವರೆಗೂ ಬಂದು ಕೆಮ್ಮಾಗಿ ಹೋಗುತ್ತಿತ್ತು. ಅವನ ಬಳಿ ಇರುವ ಅರ್ಧವೇನು ಎಂಬುದು ಇನ್ನೊಂದು ಚಿಂತೆ. ಅಕ್ಕ ಅವನಿಗೆ ಏನು ಹೇಳಿರಬಹುದು? ನನ್ನ ಹೆಸರೇ ಇರಬಹುದೇ? ಬೈಗುಳ ಇರಬಹುದೇ? ಹೋಟೆಲಿನಲ್ಲಿ ಅಕ್ಕನ ಹುಚ್ಚಾಟದ ಕತೆ ಹೇಳಿ ಜನರನ್ನು ನಗಿಸುತ್ತಿದ್ದೆನೆಂದೆನಲ್ಲ, ಅದು ಈ ಕಳವಳ ಮುಚ್ಚಿಕೊಳ್ಳುವುದಕ್ಕೆ. ಅದನ್ನೂ ಒಪ್ಪಿಕೊಂಡೆ.

ಹೋದ ವರ್ಷ ಶ್ರಾವಣ ಕಳೆದ ಮೇಲೆ, ದನಗಳಿಗೆ ನೀರು ಕೊಡಲು ಕಲ್ಲುತೊಟ್ಟಿಯ ಹತ್ತಿರ ಹೋದ ಅಕ್ಕನಿಗೆ ಲಕ್ವ ಹೊಡೆಯಿತು. ಅವಳು ತೊಟ್ಟಿಯ ಅಂಚಿಗೆ ಬಿದ್ದಳು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಬೈಲು ನೀರಿಗೆ ಬಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಹೋಯಿತು. ಮಾತು ಹೋಯಿತು.

ಮಾತು ಕಲಿಸುವ ಮೇಡಂ ಒಬ್ಬರು ಅಕ್ಕನ ಮಗಳಿಗೆ ಒಂದು ವಿಷಯ ಹೇಳಿದರಂತೆ. ಹೀಗೆ ಮಾತು ಹೋದವರಿಗೆ ಎಷ್ಟೋ ಸಲ ಹಾಡು ಉಳಿದಿರುತ್ತದೆ. ಅವರು ಬಾಯಿತುಂಬ ಹೇಳುತ್ತಿದ್ದ ಪದಗಳನ್ನು ದಿನವೂ ಕೇಳಿಸಿ, ಅದರ ಹಿಂದೆಯೇ ಮಾತು ಬಂದರೂ ಬರಬಹುದು, ತಡ ಮಾಡಬೇಡಿ ಎಂದರಂತೆ. ಪದಗಳೆಲ್ಲ ಖಾತೆಯಲ್ಲಿ ಭದ್ರವಾಗಿದ್ದವು. ಹೊಸ ಮೊಬೈಲು ಪಾಸ್‌ವರ್ಡ್ ಕೇಳುತ್ತಿತ್ತು. ಅದು ಇಬ್ಬರು ಮಾವಂದಿರಿಗೆ ಪಾಲಾಗಿದೆ ಎಂಬುದಷ್ಟೇ ಮಗಳಿಗೆ ಗೊತ್ತು. ಅಕ್ಕನಿಗೆ ಹೇಳಲು ಬಾಯಿಲ್ಲ, ಎಡಗೈಗೆ ಮೊಬೈಲು ಕೊಟ್ಟರೆ ಅಕ್ಷರದ ಗುರುತು ಸಿಗುತ್ತಿಲ್ಲ. ಅಂದಾಜಿನ ಮೇಲೆ ಒತ್ತಿದ್ದಕ್ಕೆ, ಇನ್ನು ಕೆಲವೇ ಸಲ ತಪ್ಪಿದರೆ ಖಾತೆ ಮುಚ್ಚುತ್ತದೆ ಎಂಬ ಎಚ್ಚರಿಕೆ ಬಂದಿತ್ತು. ಅಕ್ಕನ ಮಗಳು, ನನ್ನ ಕಣ್ಣಿಗೆ ಇನ್ನೂ ಹುಡುಗಿಯೇ, ನನಗೆ ಫೋನು ಮಾಡಿ, ದೊಡ್ಡಮಾವ, ನಿಮ್ಮ ಪಾಲು ಹೇಳಿ ಎಂದಳು.

ಮರೆತುಹೋಗಿದೆ ಎಂದೆ.

ಇದನ್ನು ಬರೆಯುವುದಕ್ಕೇ ನಾನು ಇಷ್ಟೆಲ್ಲ ಕೋಳಿ, ಎಮ್ಮೆ, ಮೀಟರಿನವನ ಕತೆ ಹೇಳಿ ಕಾಲ ತಳ್ಳಿದ್ದು. ಮೂರು ವರ್ಷ ಉಸಿರಿನಂತೆ ಜೊತೆಗಿದ್ದ ಮಾತನ್ನು ಮರೆತಿದ್ದೇನೆ ಎಂದೆ. ಒಂದು ದಿನವಲ್ಲ, ಎಂಟು ದಿನ. ಅಕ್ಕ ಅಲ್ಲಿ ಮೂಕಳಾಗಿ ಮಲಗಿದ್ದಳು, ನಾನು ಇಲ್ಲಿ ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಸುತ್ತುತ್ತಿದ್ದೆ.

ಒಂಬತ್ತನೇ ದಿನ ಹುಡುಗಿ ಮತ್ತೆ ಫೋನು ಮಾಡಿದಳು. ಈ ಸಲ ಅವಳು ಕೇಳಲಿಲ್ಲ, ತಿಳಿಸಿದಳು.

"ಚಿಕ್ಕಮಾವ ದಿನಾ ಬೆಳಿಗ್ಗೆ ಬಸ್ಸಿಗೆ ಬತ್ತಾರೆ ಮಾವ. ಅವ್ವನ ಹತ್ರ ಕೂತಿದ್ದು ಸಾಯಂಕಾಲ ಹೋಯ್ತಾರೆ. ಅವರ ಪಾಲು ನೆನಪೈತಂತೆ. ನಿಮಗೆ ನೆನಪಾಗೋಗಂಟ ಕಾಯ್ತೀನಿ ಅಂತಾರೆ."

ಚಪ್ಪಲಿ ಮೆಟ್ಟಿಕೊಂಡದ್ದು ನೆನಪಿದೆ. ಬಸ್ಸು ಹತ್ತಿದ್ದು ನೆನಪಿಲ್ಲ.

ನಡುಮನೆಯಲ್ಲಿ ಅಕ್ಕನ ಮಂಚ. ಅವಳ ಕಾಲ ಬಳಿ ತಮ್ಮ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಬದುವಿನಾಚೆಯಿಂದ ನೋಡುವಾಗ ಯಾವಾಗಲೂ ಟವೆಲು ಸುತ್ತಿರುತ್ತಿದ್ದನಲ್ಲ, ನನಗೆ ಗೊತ್ತೇ ಆಗಿರಲಿಲ್ಲ. ನನ್ನನ್ನು ಕಂಡು ಅವನು ಸ್ವಲ್ಪ ಸರಿದು ಜಾಗ ಬಿಟ್ಟ. ಅಕ್ಕನ ಒಂದು ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಂದು ನನ್ನನ್ನೇ ನೋಡುತ್ತಿತ್ತು, ಸೊಪ್ಪು ಮಡಿಲಲ್ಲಿಟ್ಟುಕೊಂಡು ನೋಡಿದ ಹಾಗೇ.

ಹುಡುಗಿ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ನಾನು ತಿರುಗಿ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಒತ್ತಿದ್ದೆಲ್ಲ ಚುಕ್ಕೆ ಚುಕ್ಕೆಯಾಗಿ ಮುಚ್ಚಿಕೊಳ್ಳುತ್ತಿತ್ತು, ಸದ್ಯ. ಆಮೇಲೆ ತಮ್ಮ ತನ್ನ ಪಾಲು ಒತ್ತಿದ. ಮೊಬೈಲು ಸ್ವಲ್ಪ ಹೊತ್ತು ಯೋಚಿಸಿ, ತಪ್ಪು ಎಂದಿತು.

ಇನ್ನೊಂದೇ ಸಲ ಉಳಿದಿರುವುದು ಎಂದಳು ಹುಡುಗಿ. ಈ ಸಲ ಅಕ್ಷರ ಕಾಣಿಸುವ ಹಾಗೆ ಇಟ್ಟು ಒತ್ತಿ, ನಾನೂ ನೋಡುತ್ತೇನೆ ಎಂದು ಚುಕ್ಕೆಗಳ ಪಕ್ಕದ ಕಣ್ಣಿನ ಗುರುತನ್ನು ಮುಟ್ಟಿ, ಮೊಬೈಲನ್ನು ಮೂವರ ನಡುವೆ ಮಂಚದ ಮೇಲೆ ಇಟ್ಟಳು.

ಎಲ್ಲಿ ತಪ್ಪಿತ್ತೆಂದು ನನಗೆ ಗೊತ್ತಿತ್ತು. ನಾನು ಒಂದು ಮೊಳ ಎಂದು ಒತ್ತಿದ್ದೆ! ಅಕ್ಕನ ಬಾಯಿ ಹೋಗಿದೆ, ಯಾರಿಗೂ ಕಾಣುವುದಿಲ್ಲ, ಆಗಲೂ ನನ್ನ ಬೆರಳು ಅರ್ಧ ಮೊಳ ಉಳಿಸಿಕೊಂಡಿತ್ತು.

ಒತ್ತತೊಡಗಿದೆ. ಕಲ್ಲು. ಸರಿಸಿದ್ದು. ಅಕ್ಷರಗಳು ಒಂದೊಂದಾಗಿ ತಮ್ಮನ ಎದುರಿಗೆ ಬಂದು ನಿಂತವು. ನಾನೇ. ಹುಡುಗಿ ತಲೆ ಎತ್ತಲಿಲ್ಲ. ಒಂದು ಎಂದು ಒತ್ತಿ, ನನ್ನ ಬೆರಳು ಅಲ್ಲೇ ನಿಂತಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

"ಒಂದೂವರೆ ಆಕು" ಎಂದ ತಮ್ಮ. "ನಾನ್ ಅಳ್ದಿದೀನಿ."

ಹಾಕಿದೆ. ಕಣ್ಣು ಮಂಜಾಗಿ ಐದು ಎಲ್ಲಿದೆಯೆಂದು ಕಾಣದೆ ಹುಡುಗಿಯೇ ಬೆರಳು ಹಿಡಿದು ತೋರಿಸಿದಳು. ಆಮೇಲೆ ತಮ್ಮ ಮೊಬೈಲನ್ನು ತನ್ನ ಕಡೆಗೆ ಎಳೆದುಕೊಂಡು, ಹೊಲದಲ್ಲಿ ಸಸಿ ಊರುವವನಂತೆ ಬಗ್ಗಿ, ತನ್ನ ಪಾಲನ್ನು ಒತ್ತಿದ. ಅದು ಚಿಕ್ಕದು. ನಾನು ಅಕ್ಷರ ಕೂಡಿಸಿ ಓದಿದೆ.

ಗೊತ್ತು ಬುಡಣ್ಣ.

ಹನ್ನೊಂದು ವರ್ಷದ ಮೇಲೆ ನನ್ನ ತಮ್ಮ ನನ್ನನ್ನು ಅಣ್ಣ ಎಂದದ್ದು ಇಂಗ್ಲಿಷ್ ಅಕ್ಷರದಲ್ಲಿ.

ಖಾತೆ ತೆರೆಯಿತು. ಹುಡುಗಿ ಯಾವುದೋ ಒಂದು ಪದ ಮುಟ್ಟಿದಳು. ಅಕ್ಕನ ದನಿ ನಡುಮನೆಯನ್ನೆಲ್ಲ ತುಂಬಿತು, ಹಿಂದೆ ಕರುವಿನ ಗಂಟೆಯ ಸದ್ದು. ಒಂದು ಸಾಲು ಹೇಳಿ ದನಿ ನಿಂತಿತು. ಮೊಬೈಲು ಕೆಟ್ಟಿತೆಂದುಕೊಂಡೆ. ಇಲ್ಲ, ಸ್ವಲ್ಪ ಹೊತ್ತಿಗೆ ಮುಂದಿನ ಸಾಲು ಬಂತು, ಮತ್ತೆ ನಿಂತಿತು. ಸೋಬಾನೆಯಲ್ಲಿ ಮೊದಲಿನವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹೇಳಬೇಕಲ್ಲವೇ? ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಹೇಳುವಾಗಲೂ ಅಕ್ಕ ಪ್ರತಿ ಸಾಲಿಗೂ ಆ ಉಳಿದವರಿಗೆಂದು ಜಾಗ ಬಿಟ್ಟಿದ್ದಳು.

ಮೂರನೇ ಸಾಲಿಗೆ ದನಿ ನಿಂತಾಗ ಅಕ್ಕನ ತುಟಿ ಒಂದು ಕಡೆಗೆ ಎಳೆಯಿತು. ಸದ್ದು ಬರಲಿಲ್ಲ. ಆ ಖಾಲಿಯೊಳಗೆ ತಮ್ಮನ ಒರಟು ದನಿ ಎದ್ದಿತು. ಗಂಡಸರು ಹೇಳುವ ಪದವಲ್ಲ ಅದು, ನಮ್ಮ ಕಡೆ ಯಾವ ಗಂಡಸೂ ಹೇಳಿದ್ದಿಲ್ಲ. ನಾನೂ ಸೇರಿಕೊಂಡೆ. ನಮ್ಮಿಬ್ಬರಿಗೂ ಪದ ಸರಿಯಾಗಿ ಬರುತ್ತಿರಲಿಲ್ಲ. ಅಕ್ಕ ಎಡಗೈಯಲ್ಲಿ ಹಾಸಿಗೆಯ ಮೇಲೆ ತಾಳ ಹಾಕತೊಡಗಿದಳು.